ಕೈಕಾಲು ಸದಾ ತಣ್ಣಗಿರುವುದೇಕೆ? ಥೈರಾಯ್ಡ್ ಕೊರತೆ ಮತ್ತು ದೇಹದ ಅಗ್ನಿ



ಪುಷ್ಯ ಮಾಸದ ಚಳಿಯಲ್ಲಿ ಎಲ್ಲರ ಕೈಕಾಲುಗಳೂ ತಣ್ಣಗಾಗುತ್ತವೆ, ಅದು ಸಹಜ. ಆದರೆ ಮನೆಮಂದಿಯೆಲ್ಲ ಬೀಸಣಿಗೆ ಹುಡುಕುವ ವೈಶಾಖದಲ್ಲಿಯೂ ಒಬ್ಬರು ಮಾತ್ರ ಕಾಲುಚೀಲ ತೊಟ್ಟು, ಶಾಲು ಹೊದ್ದು ಕುಳಿತಿದ್ದರೆ ಅದನ್ನು 'ಅವರ ಪ್ರಕೃತಿಯೇ ಹಾಗೆ' ಎಂದು ಬಿಟ್ಟುಬಿಡಲಾಗದು. ಇಂತಹ ತಣುಪಿಗೆ ಹಲವು ಕಾರಣಗಳುಂಟು. ಅವುಗಳಲ್ಲಿ ಮುಖ್ಯವಾದುದೂ, ಒಂದು ರಕ್ತಪರೀಕ್ಷೆಯಿಂದ ಪತ್ತೆಯಾಗುವಂಥದ್ದೂ ಥೈರಾಯ್ಡ್ ಗ್ರಂಥಿಯ ಸ್ರಾವದ ಕೊರತೆ.

ನಾನು ವೈದ್ಯವೃತ್ತಿ ಆರಂಭಿಸಿದ ಮೊದಲ ವರ್ಷಗಳ ಮಾತು. ಸುಮಾರು ನಲವತ್ತು ವರ್ಷದ ತಾಯಿಯೊಬ್ಬರು ಬಂದು, "ಡಾಕ್ಟರೇ, ಬೆಳಗಿನ ಪೂಜೆಯಲ್ಲಿ ಇಷ್ಟಲಿಂಗ ಹಿಡಿದ ಅಂಗೈ ನನ್ನದೇ ಅಲ್ಲವೇನೋ ಎನ್ನುವಷ್ಟು ತಣ್ಣಗಿರುತ್ತದೆ" ಎಂದರು. ಮಲಬದ್ಧತೆ, ಮೈಭಾರ, ಒಣಚರ್ಮಗಳೂ ಇದ್ದವು. ನಾನು ಅದನ್ನು ವಾತಪ್ರಕೋಪ ಮತ್ತು ಅಗ್ನಿಮಾಂದ್ಯವೆಂದು ತಿಳಿದು ತೈಲ, ಕಷಾಯ, ತ್ರಿಕಟು ಚೂರ್ಣಗಳನ್ನು ಕೊಟ್ಟೆ. ಹಸಿವು ಸ್ವಲ್ಪ ಹೆಚ್ಚಿತು, ತಣುಪು ಹೋಗಲಿಲ್ಲ. ನಾಲ್ಕು ತಿಂಗಳ ನಂತರ ಅವರ ಮಗ ಕರೆತಂದಾಗ ಮುಖ ಊದಿಕೊಂಡಿತ್ತು, ಧ್ವನಿ ಗೊಗ್ಗರಾಗಿತ್ತು, ಮಾತಿನ ನಡುವೆಯೇ ತೂಕಡಿಸುತ್ತಿದ್ದರು. ದೊಡ್ಡ ಆಸ್ಪತ್ರೆಗೆ ಕಳುಹಿಸಿದಾಗ ಥೈರಾಯ್ಡ್ ಸ್ರಾವ ಬಹುತೇಕ ಬತ್ತಿಹೋಗಿರುವುದು ತಿಳಿಯಿತು. ನಾಲ್ಕು ತಿಂಗಳೂ ನಾನು ಆ ತಾಯಿಯ ನಾಡಿ ಹಿಡಿದಿದ್ದೆ. ಅದು ತೀರ ನಿಧಾನವಾಗಿ ಮಿಡಿಯುತ್ತಿದ್ದುದನ್ನು ಬಲ್ಲೆನಾದರೂ ಏಕೆಂದು ಕೇಳಿಕೊಳ್ಳಲಿಲ್ಲ. ಆ ತಪ್ಪು ನನ್ನದೇ. ಈ ಲೇಖನ ಆ ಪಾಠದ ಫಲ.

ಒಳಗಿನ ಬಿಸಿ ಕುಂದುವ ಬಗೆ

ಥೈರಾಯ್ಡ್ ಕೊರಳಿನ ಮುಂಭಾಗದಲ್ಲಿ, ಶ್ವಾಸನಾಳಕ್ಕೆ ಅಂಟಿಕೊಂಡಿರುವ ಚಿಟ್ಟೆಯಾಕಾರದ ಪುಟ್ಟ ಗ್ರಂಥಿ. ನಾವು ಸೇವಿಸುವ ಅಯೋಡಿನ್ ಬಳಸಿ ಅದು ಟಿ-4 ಮತ್ತು ಟಿ-3 ಎಂಬ ಹಾರ್ಮೋನುಗಳನ್ನು ತಯಾರಿಸುತ್ತದೆ. ಜೀವಕೋಶಗಳು ಆಹಾರವನ್ನು ಎಷ್ಟು ವೇಗವಾಗಿ ಉರಿಸಿ ಶಾಖವನ್ನಾಗಿ ಮಾಡಬೇಕೆಂಬುದನ್ನು ಇವು ನಿರ್ಧರಿಸುತ್ತವೆ. ಇವು ಕಡಿಮೆಯಾದರೆ ಒಳಗಿನ ಉರಿಯೇ ಇಳಿಯುತ್ತದೆ. ಆಗ ದೇಹವು ಇರುವ ಬಿಸಿಯನ್ನು ಹೃದಯ, ಮೆದುಳು ಮೊದಲಾದ ಮುಖ್ಯ ಅಂಗಗಳಿಗಾಗಿ ಉಳಿಸಿಕೊಳ್ಳಲು ಕೈಕಾಲುಗಳ ಚರ್ಮದ ರಕ್ತನಾಳಗಳನ್ನು ಸಂಕುಚಿಸುತ್ತದೆ. ಸೌದೆ ಮುಗಿಯುತ್ತ ಬಂದ ಮನೆಯಲ್ಲಿ ಎಲ್ಲರೂ ಒಲೆಯ ಸುತ್ತ ಸೇರುತ್ತಾರೆ, ಪಡಸಾಲೆ ತಣ್ಣಗಾಗುತ್ತದೆ, ಹಾಗೆಯೇ ಇದು.

ಆಯುರ್ವೇದವು ಜಠರಾಗ್ನಿಯೊಂದು, ಭೂತಾಗ್ನಿಗಳು ಐದು, ಧಾತ್ವಗ್ನಿಗಳು ಏಳು, ಹೀಗೆ 13 ಅಗ್ನಿಗಳನ್ನು ಹೇಳುತ್ತದೆ. ಥೈರಾಯ್ಡ್ ಕೊರತೆಯ ಚಿತ್ರವು ಧಾತ್ವಗ್ನಿಮಾಂದ್ಯಕ್ಕೆ ಬಹಳಷ್ಟು ಹೊಂದುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದಲ್ಲಿ ಗಳಗಂಡದ ವರ್ಣನೆಯೂ ಇದೆ. ಆದರೆ ಗಳಗಂಡವೆಂದರೆ ಕೊರಳಿನ ಊತ. ಸ್ರಾವದ ಕೊರತೆಯಿರುವ ಅನೇಕರಲ್ಲಿ ಊತವೇ ಕಾಣುವುದಿಲ್ಲ. ಆದುದರಿಂದ ಕೊರಳನ್ನು ಮುಟ್ಟಿ ನೋಡಿ ನಿರ್ಧರಿಸುವುದು ಸಾಲದು.

ಯಾರು ಪರೀಕ್ಷಿಸಿಕೊಳ್ಳಬೇಕು?

ತಣ್ಣಗಿನ ಕೈಕಾಲುಗಳೊಡನೆ ಆಯಾಸ, ಕಾರಣವಿಲ್ಲದೆ ತೂಕ ಏರುವುದು, ಮಲಬದ್ಧತೆ, ಒಣಚರ್ಮ, ಕೂದಲು ಉದುರುವುದು, ಮರೆವು, ನಿಧಾನವಾದ ನಾಡಿ, ಮುಟ್ಟಿನಲ್ಲಿ ಅಧಿಕ ಸ್ರಾವ ಇವುಗಳಲ್ಲಿ ಕೆಲವಿದ್ದರೂ ಟಿ.ಎಸ್.ಎಚ್. ಪರೀಕ್ಷೆ ಮಾಡಿಸಬೇಕು. ಗ್ರಂಥಿ ಸೋತಾಗ ಅದನ್ನು ಎಚ್ಚರಿಸಲು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯು ಟಿ.ಎಸ್.ಎಚ್. ಅನ್ನು ಹೆಚ್ಚು ಸ್ರವಿಸುತ್ತದೆ. ಆದ್ದರಿಂದ ಈ ಅಂಕಿ ಏರಿದಷ್ಟೂ ಥೈರಾಯ್ಡ್ ಕುಂದಿದೆ ಎಂದು ಸಾಮಾನ್ಯವಾಗಿ ಅರ್ಥ. ತೊಂದರೆ ಸ್ತ್ರೀಯರಲ್ಲಿ ಹೆಚ್ಚು. ಹೆರಿಗೆಯ ನಂತರದ ವರ್ಷದಲ್ಲಿಯೂ ಕಾಣಿಸಿಕೊಳ್ಳಬಹುದು.

ಮಾತ್ರೆಯೂ ಪೂಜೆಯೂ

1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಅವರು ಇಂತಹ ರೋಗಿಯೊಬ್ಬಳಿಗೆ ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ಕೊಟ್ಟರು. ಆಕೆ ಮತ್ತೆ 28 ವರ್ಷ ಬದುಕಿದಳು. ಇಂದು ದೊರೆಯುವ ಲೀವೊಥೈರಾಕ್ಸಿನ್ ಮಾತ್ರೆಯು ಪ್ರಯೋಗಶಾಲೆಯಲ್ಲಿ ತಯಾರಾದುದು. ದೇಹದ ಟಿ-4ಗೆ ಸಮನಾದುದು. ಇಲ್ಲದ ಸ್ರಾವವನ್ನು ತುಂಬಿಕೊಡುವ ಈ ಮಾತ್ರೆಯನ್ನು ಆಯುರ್ವೇದ ವೈದ್ಯನಾದ ನಾನೇ ನನ್ನ ರೋಗಿಗಳಿಗೆ ತಪ್ಪದೆ ಸೇವಿಸಲು ಹೇಳುತ್ತೇನೆ.

ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ನೀರಿನೊಡನೆ ಮಾತ್ರ ಸೇವಿಸಬೇಕು. ಅನಂತರ ಅರ್ಧ ಗಂಟೆಯಿಂದ ಒಂದು ಗಂಟೆ ಕಾಫಿ, ಚಹಾ, ಹಾಲು, ಆಹಾರ ಬೇಡ. ಕಬ್ಬಿಣ ಅಥವಾ ಕ್ಯಾಲ್ಸಿಯಂ ಮಾತ್ರೆಗಳಿದ್ದರೆ ನಾಲ್ಕು ಗಂಟೆಗಳ ಅಂತರವಿರಲಿ. ಲಿಂಗಪೂಜೆಗೆ ಮುನ್ನ ನೀರನ್ನೂ ಮುಟ್ಟದ ನಿಯಮವುಳ್ಳವರು ನನ್ನನ್ನು ಆಗಾಗ ಕೇಳುತ್ತಾರೆ. ಪೂಜೆ ಮುಗಿದೊಡನೆ ಮಾತ್ರೆ ಸೇವಿಸಿ, ಅಂತರ ಬಿಟ್ಟು ಪ್ರಸಾದ ಸ್ವೀಕರಿಸಬಹುದು. ಅದೂ ಕಷ್ಟವಾದರೆ ವೈದ್ಯರನ್ನು ಕೇಳಿ, ರಾತ್ರಿ ಊಟವಾದ ಮೂರು ಗಂಟೆಯ ನಂತರ ಮಲಗುವ ಮುನ್ನ ಸೇವಿಸಬಹುದು. ಸಮಯ ಯಾವುದಾದರೂ ದಿನವೂ ಒಂದೇ ಆಗಿರಲಿ. ಸೋಮವಾರದ ಉಪವಾಸವೆಂದು ಮಾತ್ರೆ ಬಿಡಬಾರದು. ಗರ್ಭಿಣಿಯರಂತೂ ಎಂದಿಗೂ ನಿಲ್ಲಿಸಬಾರದು. ಅವರಿಗೆ ಪ್ರಮಾಣ ಹೆಚ್ಚಿಸಬೇಕಾಗುವುದೇ ಸಾಮಾನ್ಯ.

ಪ್ರಮಾಣ ಬದಲಿಸಿದ ಮೇಲೆ 6ರಿಂದ 8 ವಾರಗಳ ನಂತರವೇ ಪುನಃ ಪರೀಕ್ಷೆ. ಕೈಕಾಲು ಬೆಚ್ಚಗಾಗಲೂ ವಾರಗಳು ಬೇಕು. ಅವಸರಪಟ್ಟು ತಾವೇ ಪ್ರಮಾಣ ಏರಿಸಿದರೆ ಎದೆಬಡಿತ, ನಿದ್ರಾನಾಶ, ಮೂಳೆ ಸವೆತಗಳು ಬರುತ್ತವೆ.

ಹೊರಗಿನ ಉಪಚಾರ

ಒಳಗಿನ ಅಗ್ನಿಯನ್ನು ಸರಿಪಡಿಸುತ್ತಲೇ ಹೊರಗಿನಿಂದಲೂ ನೆರವಾಗೋಣ. ಬೆಚ್ಚಗೆ ಮಾಡಿದ ಎಳ್ಳೆಣ್ಣೆಯಿಂದ ಕೈಕಾಲುಗಳಿಗೆ 10–15 ನಿಮಿಷ ಅಭ್ಯಂಗ ಮಾಡಿ, ಹದವಾದ ಬಿಸಿನೀರಿನಲ್ಲಿ ಸ್ನಾನ ಮಾಡುವುದು ಒಣಚರ್ಮಕ್ಕೂ ಹಿತ. ತಣ್ಣೀರ ಸ್ನಾನದ ಹಟ ಬೇಡ. ಪೂಜೆಗೆ ಬರಿಯ ಕಲ್ಲುಹಾಸಿನ ಮೇಲೆ ಕೂರದೆ ಕಂಬಳಿ ಹಾಸಿಕೊಳ್ಳಿ. ಕೈಗವಸಿಗಿಂತ ಮೊದಲು ಎದೆ, ಬೆನ್ನುಗಳನ್ನು ಬೆಚ್ಚಗಿಡಿ; ಒಡಲು ಬೆಚ್ಚಗಿದ್ದರೆ ರಕ್ತವು ಬೆರಳ ತುದಿಗೆ ತಾನೇ ಹರಿಯುತ್ತದೆ. ದಿನವೂ ಅರ್ಧ ಗಂಟೆಯ ನಡಿಗೆ ಬಿಡಬೇಡಿ. ಮಾತ್ರೆಯ ಅಂತರ ಕಳೆದ ಮೇಲೆ ಶುಂಠಿ, ಜೀರಿಗೆಯ ಕಷಾಯ ಕುಡಿಯಬಹುದು.

ಒಂದು ಎಚ್ಚರ: ಬಿಸಿನೀರಿನ ಚೀಲ, ಕೆಂಡದ ಶಾಖಗಳನ್ನು ಜೋಮು ಹಿಡಿದ ಪಾದಗಳಿಗೆ ಇಡಬಾರದು. ವಿಶೇಷವಾಗಿ ಮಧುಮೇಹಿಗಳಿಗೆ ಸುಟ್ಟದ್ದು ತಿಳಿಯುವುದೇ ಇಲ್ಲ.

ಆಹಾರದ ವಿಚಾರ

ಎಲೆಕೋಸು, ಹೂಕೋಸುಗಳನ್ನು ಪೂರ್ತಿ ಬಿಡಬೇಕೆಂಬ ಭಯ ಬೇಡ. ಬೇಯಿಸಿ ಮಿತವಾಗಿ ತಿನ್ನಬಹುದು. ಸೈಂಧವ ಲವಣವನ್ನು ನಮ್ಮ ಶಾಸ್ತ್ರ ಹೊಗಳಿದೆ, ನಿಜ. ಆದರೆ ಅದರಲ್ಲಿ ಅಗತ್ಯವಿರುವಷ್ಟು ಅಯೋಡಿನ್ ಇರುವುದಿಲ್ಲ. ಆದುದರಿಂದ ದಿನಬಳಕೆಗೆ ಅಯೋಡಿನ್‌ಯುಕ್ತ ಉಪ್ಪೇ ಇರಲಿ, ಮುಚ್ಚಿದ ಡಬ್ಬಿಯಲ್ಲಿರಲಿ. ಹಾಗೆಂದು ಅಯೋಡಿನ್ ಮಾತ್ರೆಗಳನ್ನು ತಾವೇ ನುಂಗಬಾರದು. ಅತಿಯಾದರೂ ಗ್ರಂಥಿ ಕೆಡುತ್ತದೆ.

ಅಶ್ವಗಂಧವು ಥೈರಾಯ್ಡ್ ಸ್ರಾವವನ್ನು ಏರಿಸಬಲ್ಲದು. ಮಾತ್ರೆಯೊಡನೆ ವೈದ್ಯರಿಗೆ ತಿಳಿಸದೆ ಅದನ್ನು ಬೆರೆಸಬೇಡಿ. ಕಾಂಚನಾರ ಗುಗ್ಗುಲು ಮೊದಲಾದವುಗಳನ್ನು ವೈದ್ಯರ ಸಲಹೆಯಂತೆ ಸೇವಿಸಬಹುದೇ ಹೊರತು, ಅವುಗಳಿಗಾಗಿ ಮಾತ್ರೆಯನ್ನು ಬಿಡಬಾರದು.

ಟಿ.ಎಸ್.ಎಚ್. ಸರಿಯಾದರೂ ತಣುಪು ಉಳಿದರೆ

ಆಗ ಬೇರೆ ಕಾರಣಗಳನ್ನು ಹುಡುಕಬೇಕು. ಸಸ್ಯಾಹಾರಿಗಳಾದ ನಮ್ಮಲ್ಲಿ ರಕ್ತಹೀನತೆ ಮತ್ತು ಬಿ-12 ಜೀವಸತ್ವದ ಕೊರತೆಯನ್ನು ಮರೆಯುವಂತಿಲ್ಲ. ಹಾಲು, ಮೊಸರು ಬಳಸುವವರಿಗೂ ಅವು ಕೆಲವೊಮ್ಮೆ ಸಾಲುವುದಿಲ್ಲ. ರಕ್ತದೊತ್ತಡದ ಕೆಲವು ಮಾತ್ರೆಗಳಿಂದಲೂ, ತಂಬಾಕಿನಿಂದಲೂ ಕೈಕಾಲು ತಣ್ಣಗಾಗುತ್ತವೆ. ಚಳಿಗೆ ಬೆರಳುಗಳು ಬಿಳಿಚಿ, ನೀಲಿಯಾಗಿ, ಅನಂತರ ಕೆಂಪಾಗುವವರು ವೈದ್ಯರಿಗೆ ತೋರಿಸಬೇಕು. ಒಂದೇ ಕಾಲು ಹಠಾತ್ತನೆ ತಣ್ಣಗಾಗಿ ನೋಯತೊಡಗಿದರೆ, ಅಥವಾ ಥೈರಾಯ್ಡ್ ಕೊರತೆಯುಳ್ಳ ವೃದ್ಧರ ಮೈಯೆಲ್ಲ ತಣ್ಣಗಾಗಿ ಮಂಪರು, ಗೊಂದಲ ಕಂಡರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಆ ತಾಯಿ ಚೇತರಿಸಿಕೊಂಡರು. ಎರಡು ತಿಂಗಳ ನಂತರ ಬಂದು ನನ್ನ ಮೇಜಿನ ಮೇಲೆ ಎಡಗೈ ಚಾಚಿ, "ಮುಟ್ಟಿ ನೋಡಿರಿ" ಎಂದರು. ಅಂಗೈ ಬೆಚ್ಚಗಿತ್ತು. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿನಿಂದ, ಕೈಕಾಲು ತಣ್ಣಗಿದೆ ಎಂದು ಬಂದವರಿಗೆ ಎಣ್ಣೆಯನ್ನು ಬರೆದುಕೊಡುವ ಮುನ್ನ ಪರೀಕ್ಷೆಯ ಚೀಟಿಯನ್ನು ಬರೆದುಕೊಡುತ್ತೇನೆ. ತಮ್ಮ ಮನೆಯಲ್ಲಿಯೂ ಸೆಕೆಯಲ್ಲಿ ಶಾಲು ಹೊದ್ದು ಕೂರುವವರಿದ್ದರೆ ಇಂದೇ ಅವರ ಕೈಯನ್ನೊಮ್ಮೆ ಮುಟ್ಟಿ ನೋಡಿರಿ.