ವಿಹಾರೋದ್ಯಾನದ ವಸತಿಗೃಹಕ್ಕೆ ಹೊರಟವರಿಗೆ

ಅಮೆರಿಕದಲ್ಲಿ ನೆಲೆಸಿದ ಮಕ್ಕಳನ್ನು ಕಾಣಲು ಹೋಗುವ ನಮ್ಮ ಹಿರಿಯರು, ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಫ್ಲಾರಿಡಾದ ವಾಲ್ಟ್ ಡಿಸ್ನಿ ವರ್ಲ್ಡ್‌ನ ಹೋಟೆಲಿನಲ್ಲಿ ತಂಗುವುದಾದರೆ, ಕೊಠಡಿಯ ಬಾಡಿಗೆಯಲ್ಲಿ ಉದ್ಯಾನದ ಪ್ರವೇಶಶುಲ್ಕವು ಸಾಮಾನ್ಯವಾಗಿ ಅಡಕವಾಗಿರದೆಂಬುದನ್ನು ಮೊದಲೇ ತಿಳಿದು ಹೊರಡುವುದು ಲೇಸು. ಕೊಠಡಿ ದೊರೆಯುವುದು ಅಪರಾಹ್ನ 3 ಗಂಟೆಯ ಮೇಲೆಯೇ; ಬೆಳಗ್ಗೆ ಬಂದಿಳಿದವರು ಸಾಮಾನುಗಳನ್ನು ಹೋಟೆಲಿನವರ ವಶಕ್ಕೊಪ್ಪಿಸಿ ತಿರುಗಾಡಬಹುದು.

ಅಲ್ಲಿ ತಂಗುವುದರ ನಿಜವಾದ ಲಾಭವೆಂದರೆ ಕಾಲದ ಅನುಕೂಲ. ಹೋಟೆಲಿನ ಅತಿಥಿಗಳಿಗೆ ಉದ್ಯಾನದ ಬಾಗಿಲು ಇತರರಿಗಿಂತ 30 ನಿಮಿಷ ಮೊದಲೇ ತೆರೆಯುವುದರಿಂದ, ಬೆಳಗಿನ ತಂಪಿನಲ್ಲಿ ಹೊರಟು, ಜನಸಂದಣಿ ನೆರೆಯುವ ಮುನ್ನವೇ ಮಕ್ಕಳ ಮೆಚ್ಚಿನ ಒಂದೆರಡು ಆಟಗಳನ್ನು ಮುಗಿಸಿ, ಬಿಸಿಲೇರಿದೊಡನೆ ಕೊಠಡಿಗೆ ಮರಳಿ ವಿಶ್ರಮಿಸಿ, ಬೇಸಗೆಯ ಮಧ್ಯಾಹ್ನಗಳಲ್ಲಿ ಆ ಪ್ರಾಂತದಲ್ಲಿ ಮೇಲಿಂದ ಮೇಲೆ ಸುರಿಯುವ ಗುಡುಗುಮಳೆ ಕಳೆದ ಮೇಲೆ ಸಂಜೆಗೆ ಪುನಃ ತೆರಳುವುದೇ ಉತ್ತಮ ಕ್ರಮವೆಂದು ನನ್ನ ದೃಢವಾದ ಅಭಿಪ್ರಾಯ. ಕೊಟ್ಟ ಹಣವೆಲ್ಲ ವಸೂಲಾಗಬೇಕೆಂಬ ಹಟದಿಂದ ಎಳೆಯರನ್ನೂ ವೃದ್ಧರನ್ನೂ ದಿನವಿಡೀ ನಡೆಸುವುದು ಸರ್ವಥಾ ಸಲ್ಲದು. ನಡಿಗೆಯನ್ನು ತಗ್ಗಿಸಲು ಹೋಟೆಲಿನ ಆಯ್ಕೆಯೂ ಮುಖ್ಯ: 1971ರಲ್ಲಿ ಉದ್ಯಾನದೊಡನೆಯೇ ಆರಂಭವಾದ ಅಲ್ಲಿನ ಕಾಂಟೆಂಪೊರರಿ ಹೋಟೆಲಿನ ಒಡಲೊಳಗೇ ಮೊನೊರೈಲು ಹಾದುಹೋಗುತ್ತದೆ. ಅಲ್ಲಿಂದ ಮ್ಯಾಜಿಕ್ ಕಿಂಗ್‌ಡಮ್ ಎಂಬ ಉದ್ಯಾನಕ್ಕೆ ಕಾಲ್ನಡಿಗೆಯಲ್ಲೂ ಹೋಗಬಹುದು. ಮಂಡಿನೋವಿನವರು ಇಂಥ ಸಾಮೀಪ್ಯಕ್ಕಾಗಿ ಅಧಿಕ ಬಾಡಿಗೆ ತೆತ್ತರೂ ಅದು ಸಾರ್ಥಕವೇ. ಅಗ್ಗದ ಹೋಟೆಲುಗಳಿಂದಲೂ ಉಚಿತ ಬಸ್ಸುಗಳುಂಟು, ಆದರೆ ಕಾಯುವ ತಾಳ್ಮೆ ಬೇಕು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಸಂಕೋಚ ಪಡದೆ, ಮಾಂಸ, ಮೀನು, ಮೊಟ್ಟೆಗಳಲ್ಲಿ ತಮಗೆ ಯಾವುದು ವರ್ಜ್ಯವೆಂಬುದನ್ನು ಬಡಿಸುವವರಿಗೆ ಬಿಡಿಸಿ ಹೇಳಬೇಕು. ಮನೆಯ ತಿಂಡಿಯನ್ನು ಉದ್ಯಾನಕ್ಕೆ ಒಯ್ಯಲು ಅಡ್ಡಿಯಿಲ್ಲ. ಗಾಜಿನ ಪಾತ್ರೆಯಲ್ಲಿ ಮಾತ್ರ ಒಯ್ಯಕೂಡದು.