ಎಳ್ಳು ಕಾಳಿನಷ್ಟು ರೆಸಿಸ್ಟರ್



ಹಳೆಯ ರೇಡಿಯೋ ಬಿಚ್ಚಿದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅದರೊಳಗೆ ಬಣ್ಣದ ಪಟ್ಟೆಗಳಿರುವ ಸಣ್ಣ ಸಣ್ಣ ಭಾಗಗಳಿರುತ್ತವೆ. ಅವುಗಳಿಗೆ ಎರಡೂ ಕಡೆ ತಂತಿಯ ಕಾಲುಗಳಿರುತ್ತವೆ. ಬೋರ್ಡಿನಲ್ಲಿ ತೂತು ಮಾಡಿ, ಕಾಲುಗಳನ್ನು ಅದರೊಳಗೆ ತೂರಿಸಿ, ಹಿಂದುಗಡೆ ಬೆಸುಗೆ ಹಾಕಿರುತ್ತಾರೆ. ಆದರೆ ಈಗಿನ ಮೊಬೈಲ್, ಟಿ.ವಿ. ರಿಮೋಟ್, ಚಾರ್ಜಿಂಗ್ ಟಾರ್ಚ್ ಬಿಚ್ಚಿದರೆ ಅಂಥ ಕಾಲುಗಳೇ ಕಾಣುವುದಿಲ್ಲ. ಬೋರ್ಡಿನ ಮೇಲೆ ಯಾರೋ ಕರಿ ಎಳ್ಳು ಚೆಲ್ಲಿದ ಹಾಗೆ ಕಾಣುತ್ತದೆ. "ಇಷ್ಟು ಸಣ್ಣದನ್ನು ಯಾರು ರಿಪೇರಿ ಮಾಡ್ತಾರೆ, ಬಿಸಾಕಿ" ಎಂದು ಎಲ್ಲರೂ ಹೇಳುತ್ತಾರೆ. ಇದು ನಿಜವೇ? ಇದನ್ನೇ ಈ ಲೇಖನದಲ್ಲಿ ತಿಳಿಯೋಣ.

ಕಾಲಿಲ್ಲದ ಭಾಗಗಳು

ಇವು ತೂತಿನೊಳಗೆ ಹೋಗುವುದಿಲ್ಲ. ಬೋರ್ಡಿನ ಮೇಲ್ಮೈಯಲ್ಲೇ ಕೂರುತ್ತವೆ. ಅದಕ್ಕೇ ಇವುಗಳಿಗೆ ಸರ್ಫೇಸ್ ಮೌಂಟ್ ಎಂದು ಹೆಸರು. ಅಂಗಡಿಯವರು ಎಸ್.ಎಂ.ಡಿ. ಎನ್ನುತ್ತಾರೆ. ಅಮೆರಿಕದ ಐ.ಬಿ.ಎಂ. ಕಂಪನಿಯವರು 1960ರ ದಶಕದಲ್ಲೇ ಈ ವಿಧಾನವನ್ನು ಬಳಸಿದರು. ಚಂದ್ರನ ಕಡೆಗೆ ಮನುಷ್ಯರನ್ನು ಹೊತ್ತು ಹೋದ ಸ್ಯಾಟರ್ನ್ ರಾಕೆಟ್ಟಿಗೆ ದಾರಿ ತೋರಿಸಿದ ಕಂಪ್ಯೂಟರಿನಲ್ಲೂ ಇಂಥ ಭಾಗಗಳಿದ್ದವು. ಕಾಲು ಇಲ್ಲದ್ದರಿಂದ ಜಾಗ ಉಳಿಯುತ್ತದೆ, ತೂಕ ಕಡಿಮೆ, ಬೋರ್ಡಿನ ಎರಡೂ ಮುಖಗಳಲ್ಲಿ ಕೂರಿಸಬಹುದು.

ಇವುಗಳ ಅಳತೆಯನ್ನು ನಾಲ್ಕು ಅಂಕಿಯಲ್ಲಿ ಹೇಳುತ್ತಾರೆ. 1206 ಎಂದರೆ 0.12 ಇಂಚು ಉದ್ದ, 0.06 ಇಂಚು ಅಗಲ. ನಮ್ಮ ಲೆಕ್ಕದಲ್ಲಿ 3.2 ಮಿ.ಮೀ. ಉದ್ದ, 1.6 ಮಿ.ಮೀ. ಅಗಲ, ಅಂದರೆ ಒಂದು ಎಳ್ಳು ಕಾಳಿನಷ್ಟು. 0603 ಎಂಬುದು ಅದರ ಅರ್ಧ, ರಾಗಿ ಕಾಳಿನಷ್ಟು ಅನ್ನಬಹುದು. ಮೊಬೈಲಿನೊಳಗೆ ಇದಕ್ಕಿಂತಲೂ ಚಿಕ್ಕವು ಇರುತ್ತವೆ.

ಅಂಕಿ ಓದುವುದು ಹೇಗೆ?

ಕರೆಂಟಿನ ಹರಿವನ್ನು ತಡೆದು ಕಡಿಮೆ ಮಾಡುವ ಭಾಗಕ್ಕೆ ರೆಸಿಸ್ಟರ್ ಎಂದು ಹೆಸರು. ಪುಸ್ತಕದಲ್ಲಿ ಇದನ್ನು ರೋಧಕ ಎನ್ನುತ್ತಾರೆ. ಎಷ್ಟು ತಡೆಯುತ್ತದೆ ಎಂಬುದನ್ನು ಓಮ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾಲಿರುವ ರೆಸಿಸ್ಟರಿನಲ್ಲಿ ಬಣ್ಣದ ಪಟ್ಟೆ ನೋಡಿ ಹೇಳಬೇಕು. ಕಾಲಿಲ್ಲದ್ದರ ಬೆನ್ನ ಮೇಲೆ ಅಂಕಿಯೇ ಇರುತ್ತದೆ. ಬರಿಗಣ್ಣಿಗೆ ಕಾಣದಿದ್ದರೆ ಭೂತಗನ್ನಡಿ ಹಿಡಿಯಬೇಕು. ಮೂರು ಅಂಕಿ ಇದ್ದರೆ ಮೊದಲ ಎರಡು ಅಂಕಿಗಳನ್ನು ಹಾಗೇ ಬರೆದು, ಮೂರನೆಯ ಅಂಕಿ ಎಷ್ಟೋ ಅಷ್ಟು ಸೊನ್ನೆ ಹಾಕಬೇಕು.

103 = 10ರ ಮುಂದೆ ಮೂರು ಸೊನ್ನೆ = 10,000 ಓಮ್
472 = 47ರ ಮುಂದೆ ಎರಡು ಸೊನ್ನೆ = 4,700 ಓಮ್
100 = 10ರ ಮುಂದೆ ಸೊನ್ನೆಯೇ ಇಲ್ಲ = 10 ಓಮ್
4ಆರ್7 = 4.7 ಓಮ್ (ಆರ್ ಅಕ್ಷರವೇ ದಶಮಾಂಶ ಬಿಂದು)

ಮೂರನೆಯದನ್ನು ಇನ್ನೊಂದು ಸಲ ನೋಡಿ. 100 ಎಂದು ಬರೆದಿದ್ದರೆ ನೂರು ಓಮ್ ಅಲ್ಲ, ಹತ್ತು ಓಮ್! ಕಂದು ಬಣ್ಣದ ಕೆಪಾಸಿಟರುಗಳ ಮೇಲೆ ಸಾಮಾನ್ಯವಾಗಿ ಏನೂ ಬರೆದಿರುವುದಿಲ್ಲ. ಅದಕ್ಕೇ ಅವನ್ನು ಬಿಚ್ಚಿ ಬೇರೆ ಬೇರೆ ಡಬ್ಬಿಗೆ ಹಾಕದಿದ್ದರೆ ಯಾವುದು ಯಾವುದೋ ಗೊತ್ತಾಗುವುದಿಲ್ಲ.

ಬೆಸುಗೆಯ ಗುಟ್ಟು

ರಿಪೇರಿಯವರು ಬಳಸುವ ಬೆಸುಗೆ ತಂತಿಯಲ್ಲಿ 100 ಭಾಗಕ್ಕೆ 63 ಭಾಗ ತವರ, 37 ಭಾಗ ಸೀಸ ಇರುತ್ತದೆ. ಇಲ್ಲೊಂದು ಆಶ್ಚರ್ಯವಿದೆ. ತವರ ಒಂದೇ ಇದ್ದರೆ ಅದು ಕರಗಲು 232 ಡಿಗ್ರಿ ಸೆಲ್ಸಿಯಸ್ ಬೇಕು. ಸೀಸ ಒಂದೇ ಇದ್ದರೆ 327 ಡಿಗ್ರಿ ಬೇಕು. ಆದರೆ ಎರಡನ್ನೂ ಈ ಲೆಕ್ಕದಲ್ಲಿ ಬೆರೆಸಿದರೆ 183 ಡಿಗ್ರಿಗೇ ಕರಗುತ್ತದೆ! ಸೀಸ ವಿಷವಾದ್ದರಿಂದ ಈಗ ಬಹಳ ಕಾರ್ಖಾನೆಗಳಲ್ಲಿ ಸೀಸವಿಲ್ಲದ ಬೆಸುಗೆ ಬಳಸುತ್ತಾರೆ. ಅದು ಕರಗಲು ಇನ್ನೂ ಹೆಚ್ಚು, ಸುಮಾರು 217 ಡಿಗ್ರಿ ಬೇಕು.

ಕರಗಿದ ಬೆಸುಗೆ ನೀರಿನ ಹನಿಯ ಹಾಗೆ ದುಂಡಗಾಗಲು ನೋಡುತ್ತದೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ನಿಲ್ಲುತ್ತದಲ್ಲ, ಹಾಗೆ. ಇದಕ್ಕೆ ಮೇಲ್ಮೈ ಎಳೆತ ಕಾರಣ ಎಂದು ವಿಜ್ಞಾನ ಮೇಷ್ಟ್ರು ಹೇಳಿದ್ದಾರೆ. ಎಳ್ಳು ಕಾಳಿನಷ್ಟು ಭಾಗವನ್ನು ಸ್ವಲ್ಪ ಸೊಟ್ಟಗೆ ಇಟ್ಟರೂ, ಎರಡೂ ಕಡೆಯ ಬೆಸುಗೆ ಒಟ್ಟಿಗೆ ಕರಗಿದಾಗ ಈ ಎಳೆತವೇ ಅದನ್ನು ನೇರ ಮಾಡಿ ಕೂರಿಸುತ್ತದೆ. ಒಂದು ಕಡೆ ಮೊದಲು ಕರಗಿ, ಇನ್ನೊಂದು ಕಡೆ ತಡವಾದರೆ ಭಾಗವು ವೀರಗಲ್ಲಿನ ಹಾಗೆ ಎದ್ದು ನಿಂತುಬಿಡುತ್ತದೆ!

ಕಾರ್ಖಾನೆಯಲ್ಲಿ ಈ ಗುಣವನ್ನೇ ಬಳಸಿಕೊಳ್ಳುತ್ತಾರೆ. ಹಬ್ಬದ ದಿನ ಅಚ್ಚಿನ ತಗಡು ಇಟ್ಟು ರಂಗೋಲಿ ಪುಡಿ ಸವರುತ್ತೇವಲ್ಲ, ಹಾಗೆಯೇ ಬೋರ್ಡಿನ ಮೇಲೆ ತೂತುಗಳಿರುವ ಉಕ್ಕಿನ ತಗಡು ಇಟ್ಟು ಬೆಸುಗೆಯ ಹಿಟ್ಟನ್ನು ಸವರುತ್ತಾರೆ. ಯಂತ್ರವು ಭಾಗಗಳನ್ನು ಗಾಳಿಯಿಂದ ಹೀರಿ ಎತ್ತಿ ಅದರ ಮೇಲೆ ಇಡುತ್ತದೆ. ಆಮೇಲೆ ಬೋರ್ಡನ್ನು ಬಿಸಿ ಒಲೆಯೊಳಗೆ ಸಾಗಿಸುತ್ತಾರೆ. ಎಲ್ಲಾ ಬೆಸುಗೆಯೂ ಒಟ್ಟಿಗೆ ಕರಗಿ ಅಂಟುತ್ತದೆ.

ನಮ್ಮ ಮನೆಯ ಟಾರ್ಚ್

ನಮ್ಮೂರಲ್ಲಿ ಎಷ್ಟೋ ಸಲ ಪಂಪಿನ ಕರೆಂಟು ಬರುವುದು ರಾತ್ರಿ ಪಾಳಿಯಲ್ಲಿ. ಆಗ ನೀರು ಕಟ್ಟಲು ನಮ್ಮಪ್ಪ ಒಬ್ಬರೇ ಹೊಲಕ್ಕೆ ಹೋಗುತ್ತಾರೆ. ಮೋಟ್ರು ಮನೆ ಹತ್ತಿರ ಕೊಳಕುಮಂಡಲ ಹಾವು ಎರಡು ಸಲ ಕಂಡಿತ್ತು. ಅಂಥದ್ದರಲ್ಲಿ ಟಾರ್ಚ್ ಬದುವಿನ ಕಲ್ಲಿನ ಮೇಲೆ ಬಿದ್ದು ಉರಿಯುವುದು ನಿಂತಿತು. ಪೇಟೆಯ ಒಂದು ಅಂಗಡಿಯಲ್ಲಿ "ರಿಪೇರಿ ಆಗಲ್ಲ, ಹೊಸದು ತಗೊಳ್ಳಿ, 450 ರೂಪಾಯಿ" ಎಂದರು. ಕಳೆ ಕೀಳುವ ಆಳಿಗೆ ಕೂಲಿ ಕೊಡಬೇಕಾಗಿದ್ದ ವಾರ ಅದು. ಎರಡು ರಾತ್ರಿ ಅಪ್ಪ ಬರೀ ಬೀಡಿ ಲೈಟರಿನ ಬೆಳಕಿನಲ್ಲಿ ಹೋಗಿ ಬಂದರು. ಅವ್ವ ಅಷ್ಟು ಹೊತ್ತೂ ಜಗುಲಿಯ ಮೇಲೇ ಕೂತಿದ್ದಳು.

ಮೂರನೆಯ ದಿನ ನಾನು ಟಾರ್ಚನ್ನು ನಮ್ಮ ಸೋದರಮಾವನ ಅಂಗಡಿಗೆ ತೆಗೆದುಕೊಂಡು ಹೋದೆ. ಅವರು ಟೇಪ್ ರೆಕಾರ್ಡರ್ ಕಾಲದಿಂದ ರಿಪೇರಿ ಮಾಡುವವರು. ಮೊದಲು ಬ್ಯಾಟರಿಯ ವೈರು ಬಿಡಿಸಿದರು. ಭೂತಗನ್ನಡಿ ನನ್ನ ಕೈಗೇ ಕೊಟ್ಟು, "ನೋಡವ್ವ, ಎಲ್ಲಿ ಸೀಳು ಬಿಟ್ಟಿದೆ ಹೇಳು" ಅಂದರು. 100 ಎಂದು ಬರೆದಿದ್ದ ಒಂದು ರೆಸಿಸ್ಟರಿನ ಮೂಲೆ ಚೂರಾಗಿತ್ತು. ಇದರ ಮೈ ಪಿಂಗಾಣಿಯದು. ತಂತಿಯ ಕಾಲಿದ್ದರೆ ಅದು ಬಾಗಿ ಪೆಟ್ಟು ತಡೆಯುತ್ತದೆ. ಇದಕ್ಕೆ ಕಾಲಿಲ್ಲ, ಅದಕ್ಕೇ ಒಡೆಯಿತು.

ಮಾವ ಲೆಕ್ಕ ಹಾಕಿ ತೋರಿಸಿದರು. ಬ್ಯಾಟರಿ 4 ವೋಲ್ಟ್. ಎಲ್.ಇ.ಡಿ.ಗೆ ಸುಮಾರು 3 ವೋಲ್ಟ್ ಸಾಕು. ಉಳಿದ 1 ವೋಲ್ಟನ್ನು ರೆಸಿಸ್ಟರ್ ಹೊರಬೇಕು. 1 ವೋಲ್ಟನ್ನು 10 ಓಮ್‌ನಿಂದ ಭಾಗಿಸಿದರೆ 0.1 ಆಂಪಿಯರ್ ಕರೆಂಟು. 1 ವೋಲ್ಟ್ × 0.1 ಆಂಪಿಯರ್ = 0.1 ವ್ಯಾಟ್ ಶಾಖ. ಎಳ್ಳಿನಷ್ಟು ದೊಡ್ಡದು ಸಾಮಾನ್ಯವಾಗಿ ಕಾಲು ವ್ಯಾಟ್ ತಡೆಯುತ್ತದೆ. ರಾಗಿಯಷ್ಟು ಚಿಕ್ಕದು ತಡೆಯುವುದೇ 0.1 ವ್ಯಾಟ್. ಈಗ ತಾನೇ ಚಾರ್ಜ್ ಆದ ಬ್ಯಾಟರಿ 4 ವೋಲ್ಟಿಗಿಂತ ಸ್ವಲ್ಪ ಹೆಚ್ಚೇ ಕೊಡುವುದರಿಂದ ಚಿಕ್ಕದು ಸುಟ್ಟುಹೋಗಬಹುದು. ಅಂದರೆ ಓಮ್ ಸರಿಯಿದ್ದರೆ ಸಾಲದು, ಗಾತ್ರವೂ ಸರಿಯಿರಬೇಕು.

ಹಾಳಾದ ಡಿ.ವಿ.ಡಿ. ಪ್ಲೇಯರಿನ ಬೋರ್ಡಿನಿಂದ ಅದೇ ಗಾತ್ರದ ರೆಸಿಸ್ಟರ್ ತೆಗೆದರು. ಮೀಟರ್ ಹಿಡಿದಾಗ 10 ತೋರಿಸಿತು. ಮುಂದಿನ ಕೆಲಸ ಹೀಗೆ:

1. ಹಳೆಯದನ್ನು ತೆಗೆದು ಜಾಗ ಸ್ವಚ್ಛ ಮಾಡಿ ಫ್ಲಕ್ಸ್ ಸವರಿದರು. ಫ್ಲಕ್ಸಿನಲ್ಲಿ ಪೈನ್ ಮರದ ರಾಳ ಇರುತ್ತದೆ. ಅದು ಲೋಹದ ಕಿಲುಬು ಬಿಡಿಸುತ್ತದೆ.
2. ಒಂದು ಕಡೆಗೆ ಮಾತ್ರ ಸ್ವಲ್ಪ ಬೆಸುಗೆ ಇಟ್ಟರು.
3. ಚಿಮಟದಲ್ಲಿ ರೆಸಿಸ್ಟರ್ ಹಿಡಿದು, ಆ ಬೆಸುಗೆಯನ್ನು ಕರಗಿಸಿ, ಅದರೊಳಗೆ ತಳ್ಳಿ ನಿಲ್ಲಿಸಿದರು. ಆರುವ ತನಕ ಅಲ್ಲಾಡಿಸಲಿಲ್ಲ.
4. ಆಮೇಲೆ ಇನ್ನೊಂದು ಕಡೆಗೆ ಬೆಸುಗೆ ಹಾಕಿದರು.
5. ಕೊನೆಗೆ ಮೊದಲನೆಯ ಕಡೆಯನ್ನು ಇನ್ನೊಮ್ಮೆ ಬಿಸಿ ಮಾಡಿ ಗಟ್ಟಿ ಮಾಡಿದರು.

ಐದು ನಿಮಿಷವೂ ಆಗಲಿಲ್ಲ. ಟಾರ್ಚ್ ಉರಿಯಿತು. ಅಂದು ರಾತ್ರಿಯೇ ಅಪ್ಪನಿಗೆ ಬೇಕಾಗಿತ್ತು, ಆಯಿತು. ಮಾವ ಹೇಳಿದರು: "ಸಣ್ಣದಾದ್ರೆ ಏನು, ಬೆಸುಗೆ ಅದೇ ಬೆಸುಗೆ. ಕಣ್ಣಿಗೆ ಕನ್ನಡಿ ಬೇಕು, ಕೈಗೆ ತಾಳ್ಮೆ ಬೇಕು." ಎಲ್ಲವೂ ರಿಪೇರಿ ಆಗುವುದಿಲ್ಲ ಎಂಬುದೂ ನಿಜ. ನೂರಾರು ಸಂಪರ್ಕಗಳಿರುವ ದೊಡ್ಡ ಐ.ಸಿ. ಹೋದರೆ ಮಾವನೂ ವಾಪಸ್ ಕಳಿಸುತ್ತಾರೆ. ಆದರೆ ನೋಡದೆಯೇ ಆಗುವುದಿಲ್ಲ ಅನ್ನಬಾರದು.

ಎಚ್ಚರಿಕೆಗಳು

* ಮನೆಯ ಎಲ್.ಇ.ಡಿ. ಬಲ್ಬನ್ನು ನಾವು ಮಕ್ಕಳು ಬಿಚ್ಚಬಾರದು. ಅದರೊಳಗೆ 230 ವೋಲ್ಟ್ ಬರುತ್ತದೆ. ತೆಗೆದ ಮೇಲೂ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರಬಹುದು.
* ಬೆಸುಗೆಯ ಹೊಗೆ ಕುಡಿಯಬಾರದು. ಸೀಸ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆದೇ ಊಟ ಮಾಡಬೇಕು.
* ತಿಪ್ಪೆಯಲ್ಲಿ ಹಳೆಯ ಬೋರ್ಡು ಹಾಕಿ ಸುಡಬಾರದು. ಆ ಹೊಗೆ ವಿಷ. ಬೂದಿಯ ಸೀಸ ಗೊಬ್ಬರದ ಜೊತೆ ಹೊಲಕ್ಕೇ ಹೋಗುತ್ತದೆ. ಅಂಥ ಬೋರ್ಡುಗಳನ್ನು ರಿಪೇರಿ ಅಂಗಡಿಗೆ ಕೊಟ್ಟರೆ ಇನ್ನೊಬ್ಬರ ಟಾರ್ಚಿಗೆ ರೆಸಿಸ್ಟರ್ ಸಿಗುತ್ತದೆ.

ಯೋಚಿಸಿ ಉತ್ತರಿಸಿ

1. 222 ಎಂದು ಬರೆದ ರೆಸಿಸ್ಟರ್ ಎಷ್ಟು ಓಮ್?
2. 330 ಎಂದಿದ್ದರೆ ಎಷ್ಟು? (ಅವಸರ ಬೇಡ!)
3. ಬ್ಯಾಟರಿ 6 ವೋಲ್ಟ್, ಎಲ್.ಇ.ಡಿ.ಗೆ 3 ವೋಲ್ಟ್, ಕರೆಂಟು 0.1 ಆಂಪಿಯರ್ ಇರಬೇಕಾದರೆ ಎಷ್ಟು ಓಮ್ ರೆಸಿಸ್ಟರ್ ಬೇಕು? ಎಳ್ಳಿನಷ್ಟು ಗಾತ್ರದ್ದು ಆ ಶಾಖ ತಡೆಯುತ್ತದೆಯೇ?

ಉತ್ತರಗಳನ್ನು ಚೀಟಿಯಲ್ಲಿ ಬರೆದು ವಿಜ್ಞಾನ ಮೇಷ್ಟ್ರ ಮೇಜಿನ ಮೇಲೆ ಇಡಿ. ಸರಿಯುತ್ತರ ಮುಂದಿನ ಸಂಚಿಕೆಯಲ್ಲಿ.

– 7ನೇ ತರಗತಿ ವಿದ್ಯಾರ್ಥಿನಿ