ಗಾಡಿಯ ಬೆಲೆ, ಪೆಟ್ರೋಲ್ ಲೆಕ್ಕ



ನಾವು ಮೈಸೂರಿನ ಕೃಷ್ಣಮೂರ್ತಿಪುರಂನವರು. ನಮ್ಮ ಬಲ್ಲಾಳ್ ವೃತ್ತದಲ್ಲಿ ಒಂದು ಗಳಿಗೆ ನಿಂತು ನೋಡಿ. ಎಷ್ಟು ಆಟೋ, ಎಷ್ಟು ಸ್ಕೂಟರು, ಎಷ್ಟು ಕಾರು!

ನಮ್ಮಲ್ಲಿ ಕೆಲವರ ಮನೆಯಲ್ಲಿ ಗಂಡನೋ ಮಗನೋ ಬಾಡಿಗೆ ಕಾರು ಓಡಿಸ್ತಾರೆ. ಕಾರು ಸಾಲದ್ದು. ತಿಂಗಳು ತಿಂಗಳು ಕಂತು ಕಟ್ಟಬೇಕು. ಆ ಕಂತಿಗೆ ನಮ್ಮ ದುಡಿಮೆಯೂ ಸೇರುತ್ತದೆ. ಸಾಲದ ಕಾಗದಕ್ಕೆ ನಾವೂ ಸಹಿ ಹಾಕ್ತೇವೆ. ಹಾಗಾದರೆ ಗಾಡಿಯ ಲೆಕ್ಕ ನಮಗೂ ಗೊತ್ತಿರಬೇಕು, ಅಲ್ಲವೇ?

ಮೈಲೇಜ್ ಅಂದರೇನು?

ಒಂದು ಲೀಟರ್ ಪೆಟ್ರೋಲಿಗೆ ಗಾಡಿ ಎಷ್ಟು ಕಿಲೋಮೀಟರ್ ಓಡುತ್ತದೆ? ಅದೇ ಮೈಲೇಜ್. ಒಲೆಯನ್ನೇ ನೋಡಿ. ಹಳೆಯ ಒಲೆಗೆ ಸೌದೆ ಹೆಚ್ಚು, ಹೊಗೆಯೂ ಹೆಚ್ಚು. ಅಸ್ತ್ರ ಒಲೆಯಲ್ಲಿ ಕಡಿಮೆ ಸೌದೆಗೆ ಅಷ್ಟೇ ಅನ್ನ ಬೇಯುತ್ತದೆ. ಗಾಡಿಗಳಲ್ಲೂ ಹೀಗೇ.

ಸರ್ಕಾರದ ನಿಯಮ ಏನು?

ನಮ್ಮ ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ 100ಕ್ಕೆ 80ಕ್ಕಿಂತ ಹೆಚ್ಚು ಪಾಲು ಹೊರದೇಶದಿಂದ ಬರುತ್ತದೆ. ಅದಕ್ಕೆ ದೇಶದ ಹಣ ಹೋಗುತ್ತದೆ. ಆದ್ದರಿಂದ ಕಾರು ಕಂಪನಿಗಳಿಗೆ ಸರ್ಕಾರ ಒಂದು ಗುರಿ ಇಟ್ಟಿತು. 2017-18ರಲ್ಲಿ ಅದು ಜಾರಿಗೆ ಬಂತು. 100 ಕಿಲೋಮೀಟರಿಗೆ ಸರಾಸರಿ ಸುಮಾರು 5.5 ಲೀಟರ್ ಪೆಟ್ರೋಲ್ ಸಾಕಾಗಬೇಕು. 2022-23ರಲ್ಲಿ ಗುರಿ ಬಿಗಿಯಾಯಿತು. ಸುಮಾರು 4.8 ಲೀಟರ್ ಆಯಿತು. ಅಂದರೆ ಲೀಟರಿಗೆ 18 ಕಿಲೋಮೀಟರ್ ಇದ್ದದ್ದು 21 ಆಯಿತು.

ಒಂದು ಮಾತು ನೆನಪಿಡಿ. ಇದು ಒಂದೊಂದೇ ಕಾರಿನ ಲೆಕ್ಕ ಅಲ್ಲ. ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲ ಕಾರುಗಳ ಸರಾಸರಿ. ಭಾರದ ಕಾರು ಮಾರುವ ಕಂಪನಿಗೆ ಗುರಿ ಸ್ವಲ್ಪ ಸಡಿಲ. ಹಾಗಾಗಿ ಕಡಿಮೆ ಮೈಲೇಜಿನ ಹೊಸ ಕಾರೂ ಶೋರೂಮಿನಲ್ಲಿ ಇರುತ್ತದೆ. ಕೇಳಿ ತಿಳಿದೇ ಕೊಳ್ಳಬೇಕು.

ಈ ನಿಯಮ ಬಂದದ್ದು ಕಾರಿಗೆ. ಸ್ಕೂಟರಿಗೂ ಆಟೋಗೂ ಬೇರೊಂದು ನಿಯಮ ಬಂತು. ಅದು ಹೊಗೆಯ ನಿಯಮ. ಹೆಸರು ಬಿಎಸ್-6. 2020ರ ಏಪ್ರಿಲ್ 1ರಂದು ಇಡೀ ದೇಶದಲ್ಲಿ ಜಾರಿಯಾಯಿತು. ಹೆಚ್ಚಿನ ಹೊಸ ಸ್ಕೂಟರುಗಳಲ್ಲಿ ಕಾರ್ಬುರೇಟರ್ ಹೋಯಿತು. ಪೆಟ್ರೋಲನ್ನು ಅಳೆದು ಚಿಮ್ಮಿಸುವ ಯಂತ್ರ ಬಂತು. ಹೊಗೆ ಇಳಿಯಿತು, ಬೆಲೆ ಏರಿತು.

ಬೆಲೆ ಯಾಕೆ ಏರುತ್ತದೆ?

ಮೈಲೇಜ್ ಹೆಚ್ಚಿಸಲು ಒಳ್ಳೆಯ ಎಂಜಿನ್ ಬೇಕು. ಹಗುರವಾದ, ಗಟ್ಟಿಯಾದ ಮೈಕಟ್ಟು ಬೇಕು. ಕೆಲವು ಕಾರುಗಳ ಎಂಜಿನ್ ಸಿಗ್ನಲ್‌ನಲ್ಲಿ ತಾನೇ ನಿಲ್ಲುತ್ತದೆ. ಇದಕ್ಕೆಲ್ಲ ಕಂಪನಿಗೆ ಖರ್ಚು. ಆ ಖರ್ಚು ಕೊನೆಗೆ ಕೊಳ್ಳುವವರ ತಲೆಗೇ ಬರುತ್ತದೆ. ಹಾಗಾದರೆ ನಮಗೆ ಲಾಭವೋ ನಷ್ಟವೋ? ಲೆಕ್ಕ ಮಾಡೋಣ ಬನ್ನಿ.

ಎರಡು ಮನೆಯ ಲೆಕ್ಕ

ಇವು ಲೆಕ್ಕಕ್ಕಾಗಿ ನಾವು ಹಿಡಿದ ಅಂಕಿಗಳು. ಹೊಸ ಕಾರಿಗೆ 24,000 ರೂಪಾಯಿ ಹೆಚ್ಚು ಬೆಲೆ. ಮೈಲೇಜ್ 18ರಿಂದ 21ಕ್ಕೆ ಏರಿದೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ.

ಒಂದನೆಯ ಮನೆ: ಬಾಡಿಗೆ ಕಾರು. ತಿಂಗಳಿಗೆ 2,520 ಕಿಲೋಮೀಟರ್ ಓಡುತ್ತದೆ. ಮೊದಲು 140 ಲೀಟರ್ ಬೇಕಿತ್ತು. ಈಗ 120 ಸಾಕು. ಉಳಿತಾಯ 20 ಲೀಟರ್, ಅಂದರೆ 2,000 ರೂಪಾಯಿ. 12 ತಿಂಗಳಿಗೆ 24,000 ವಾಪಸ್ ಬಂತು.

ಎರಡನೆಯ ಮನೆ: ಹಬ್ಬಕ್ಕೆ, ಆಸ್ಪತ್ರೆಗೆ ಮಾತ್ರ ಕಾರು. ತಿಂಗಳಿಗೆ 252 ಕಿಲೋಮೀಟರ್. ಉಳಿತಾಯ 2 ಲೀಟರ್, 200 ರೂಪಾಯಿ. 24,000 ವಾಪಸ್ ಬರಲು 120 ತಿಂಗಳು ಬೇಕು. ಅಂದರೆ 10 ವರ್ಷ!

ಸಾಲದ ಬಡ್ಡಿ ಸೇರಿಸಿದರೆ ಇಬ್ಬರಿಗೂ ಇನ್ನೂ ತಡ. ನಿಯಮ ಒಂದೇ. ಆದರೆ ಹೆಚ್ಚು ಓಡಿಸುವವರಿಗೆ ಹಣ ಬೇಗ ವಾಪಸ್, ಕಡಿಮೆ ಓಡಿಸುವವರಿಗೆ ನಿಧಾನ. ಗಾಡಿ ಕೊಳ್ಳುವ ಮುಂಚೆ ಮನೆಯಲ್ಲಿ ಕೇಳಿ: “ತಿಂಗಳಿಗೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ?”

ಇರುವ ಗಾಡಿಯಲ್ಲೇ ಉಳಿತಾಯ

ಹೊಸ ನಿಯಮದಿಂದ ಹಳೆಯ ಗಾಡಿಯ ಮೈಲೇಜ್ ಏರುವುದಿಲ್ಲ. ಅದು ನಮ್ಮ ಕೈಯಲ್ಲಿದೆ.

1. ಟೈರಿಗೆ ಸರಿಯಾಗಿ ಗಾಳಿ ಹಾಕಿಸಿ.
2. ಸಿಗ್ನಲ್‌ನಲ್ಲಿ ಹೊತ್ತಾಗುವಂತಿದ್ದರೆ ಎಂಜಿನ್ ನಿಲ್ಲಿಸಿ.
3. ಬೇಡದ ಭಾರ ಹೊರಿಸಬೇಡಿ.
4. ಹೊತ್ತಿಗೆ ಸರಿಯಾಗಿ ಸರ್ವೀಸ್ ಮಾಡಿಸಿ.

ಕಂಪನಿ ಹೇಳುವ ಮೈಲೇಜ್ ಪರೀಕ್ಷೆಯಲ್ಲಿ ಅಳೆದದ್ದು. ಪೇಟೆಯ ರಸ್ತೆಯಲ್ಲಿ ಸಾಮಾನ್ಯವಾಗಿ ಅಷ್ಟು ಸಿಗುವುದಿಲ್ಲ. ನಾವೇ ಅಳೆಯಬಹುದು. ಟ್ಯಾಂಕ್ ತುಂಬಿಸಿ, ಮೀಟರಿನ ಅಂಕಿ ಬರೆದಿಡಿ. ಮುಂದಿನ ಸಲ ಮತ್ತೆ ತುಂಬಿಸಿ. ಎಷ್ಟು ಕಿಲೋಮೀಟರ್ ಓಡಿತು, ಎಷ್ಟು ಲೀಟರ್ ಹಿಡಿಯಿತು ನೋಡಿ. ಕಿಲೋಮೀಟರನ್ನು ಲೀಟರಿನಿಂದ ಭಾಗಿಸಿ. ಬಂದದ್ದೇ ನಿಮ್ಮ ಗಾಡಿಯ ನಿಜವಾದ ಮೈಲೇಜ್.

ಅಕ್ಷರ ಕಲಿತೆವು, ಅಂಕಿ ಕಲಿತೆವು. ಸಹಿ ಹಾಕುವ ಮುಂಚೆ ಲೆಕ್ಕ ಹಾಕೋಣ.

ಅಭ್ಯಾಸ

1. ಮೈಲೇಜ್ ಅಂದರೇನು? ನಿಮ್ಮ ಮಾತಿನಲ್ಲಿ ಹೇಳಿ.
2. ಮೂರನೆಯ ಮನೆಯ ಕಾರು ತಿಂಗಳಿಗೆ 1,260 ಕಿಲೋಮೀಟರ್ ಓಡುತ್ತದೆ. 24,000 ರೂಪಾಯಿ ಎಷ್ಟು ತಿಂಗಳಲ್ಲಿ ವಾಪಸ್ ಬರುತ್ತದೆ? (ಉತ್ತರ: 24 ತಿಂಗಳು)
3. ಈ ಪದಗಳನ್ನು ಬರೆಯಿರಿ: ನಿಯಮ, ಸರಾಸರಿ, ಕಂತು, ಬಡ್ಡಿ, ಉಳಿತಾಯ.